ಮಿಮ್‌ಕ್ವಮ್ಲಿಸ್: ಸಾಕ್ಷಿ ನಿಂತವರಿಗೇ ಶಿಕ್ಷೆಯಾದ ಊರು

ಕೆನಡಾದ ಪಶ್ಚಿಮ ತೀರದಲ್ಲಿ, ವ್ಯಾಂಕೂವರ್ ದ್ವೀಪದ ಉತ್ತರ ಭಾಗಕ್ಕೂ ಬ್ರಿಟಿಷ್ ಕೊಲಂಬಿಯಾದ ಮುಖ್ಯ ನೆಲಕ್ಕೂ ನಡುವೆ, ನೂರಾರು ಸಣ್ಣ ದ್ವೀಪಗಳು ಚದುರಿ ನಿಂತ ಕಡಲಿದೆ. ನೈಟ್ ಇನ್ಲೆಟ್ ಎಂಬ ಉದ್ದನೆಯ ಕಡಲತೋಳು ಈ ಕಡಲಿಗೆ ಬಂದು ಸೇರುವ ಬಾಯಿಯಲ್ಲಿ ವಿಲೇಜ್ ಐಲ್ಯಾಂಡ್ ಎಂದು ನಕಾಶೆಗಳಲ್ಲಿ ಗುರುತಿಸಲಾದ ಒಂದು ದ್ವೀಪವಿದ್ದು, ಅದರ ತೀರದಲ್ಲಿ ಮಿಮ್‌ಕ್ವಮ್ಲಿಸ್ ಎಂಬ ಹಳ್ಳಿಯಿತ್ತು. ಈಗ ಅಲ್ಲಿ ಯಾರೂ ವಾಸವಾಗಿಲ್ಲ. ರಸ್ತೆಯಿಲ್ಲ, ದೋಣಿಯಲ್ಲಿಯೇ ಹೋಗಬೇಕು. ಪಾಚಿ ಹಿಡಿದ ದೈತ್ಯ ಕಂಬಗಳು, ಮುಳ್ಳುಪೊದೆಗಳ ನಡುವೆ ಮಲಗಿದ ತೊಲೆಗಳು, ಬೆಳ್ಳಗೆ ಹೊಳೆಯುವ ದಂಡೆ, ಇಷ್ಟೇ ಕಣ್ಣಿಗೆ ಕಾಣುತ್ತದೆ. ಆದರೆ ಈ ಊರಿಗೆ ಸೇರಿದ ಜನ ಇದನ್ನು ಹಾಳೂರು ಎಂದು ಒಪ್ಪುವುದಿಲ್ಲ, ಮತ್ತು ಹಾಗೆ ಒಪ್ಪದಿರುವುದು ಬರಿಯ ಭಾವುಕತೆಯೂ ಅಲ್ಲ. ಅವರ ಲೋಕದಲ್ಲಿ ಊರೆಂದರೆ ಏನು, ಆಸ್ತಿಯೆಂದರೆ ಏನು, ದಾಖಲೆಯೆಂದರೆ ಏನು ಎಂಬುದನ್ನು ತಿಳಿದುಕೊಂಡರೆ ಮಾತ್ರ ಆ ಮಾತು ಅರ್ಥವಾಗುತ್ತದೆ.

ಮಿಮ್‌ಕ್ವಮ್ಲಿಸ್ ಮಾಮಲಿಲಿಕಲ್ಲ ಜನರ ಚಳಿಗಾಲದ ಊರು. ಇವರು ಕ್ವಾಕ್ವಾಕ್ಯವಾಕ್ವ್ ಎಂಬ ದೊಡ್ಡ ಸಮುದಾಯದ ಒಂದು ಬಣ. ಆ ಹೆಸರಿನ ಅರ್ಥ ‘ಕ್ವಾಕ್ವಾಲ ನುಡಿಯನ್ನಾಡುವವರು’ ಎಂದು. ಹೊರಗಿನ ವಿದ್ವಾಂಸರು ಬಹುಕಾಲ ಇವರೆಲ್ಲರನ್ನೂ ‘ಕ್ವಾಕಿಯುಟ್ಲ್’ ಎಂದು ಕರೆದರು. ಅದು ವಾಸ್ತವವಾಗಿ ಫೋರ್ಟ್ ರೂಪರ್ಟ್‌ನಲ್ಲಿ ನೆಲೆಸಿದ್ದ ಒಂದೇ ಒಂದು ಬಣದ ಹೆಸರಿನ ತಿರುಚಿದ ರೂಪ. ಒಂದು ನುಡಿ, ಹಲವು ಬಣ, ಬಣಕ್ಕೊಂದು ಊರು, ಊರಿಗೊಂದು ಮೂಲಕಥೆ ಎಂಬುದು ಇವರ ವ್ಯವಸ್ಥೆ. ಇವರನ್ನೆಲ್ಲ ಆಳುವ ಒಬ್ಬ ಅರಸನಿರಲಿಲ್ಲ. ಪ್ರತಿ ಬಣದೊಳಗೆ ಕುಲಗಳು, ಕುಲಗಳೊಳಗೆ ಕ್ರಮವಾಗಿ ಎಣಿಸಲಾದ ಸ್ಥಾನಗಳು, ಪ್ರತಿ ಸ್ಥಾನಕ್ಕೂ ಅದರದೇ ಆದ ಹೆಸರು, ಹಾಡು, ಕುಣಿತ, ಮುಖವಾಡ ಮತ್ತು ಅನೇಕ ವೇಳೆ ಮೀನು ಹಿಡಿಯುವ ಜಾಗದ ಹಕ್ಕು ಅಂಟಿಕೊಂಡಿರುತ್ತಿದ್ದವು. ಮನುಷ್ಯ ಸತ್ತರೂ ಸ್ಥಾನ ಸಾಯುತ್ತಿರಲಿಲ್ಲ. ಮುಂದಿನವರು ಆ ಹೆಸರನ್ನು ಹೊರುತ್ತಿದ್ದರು.

‘ಚಳಿಗಾಲದ ಊರು’ ಎಂಬ ಮಾತಿಗೆ ಸ್ವಲ್ಪ ವಿವರಣೆ ಬೇಕು. ವಸಂತದಲ್ಲಿ ಈ ಜನ ನೈಟ್ ಇನ್ಲೆಟ್‌ನ ತುದಿಯಲ್ಲಿರುವ ಜ಼ವಾದಿ ಎಂಬಲ್ಲಿಗೆ ಹೋಗಿ ಯೂಲಕನ್ ಎಂಬ ಸಣ್ಣ, ಅತಿ ಕೊಬ್ಬಿನ ಮೀನನ್ನು ಹಿಡಿದು ಅದರಿಂದ ಜಿಡ್ಡು ತೆಗೆಯುತ್ತಿದ್ದರು. ಬೇಸಗೆಯಲ್ಲಿ ಮತ್ತು ಅದರ ಕೊನೆಯಲ್ಲಿ ಸಾಲ್ಮನ್ ಮೀನಿನ ನದಿಗಳಿಗೆ, ಹಣ್ಣುಗಳ ಕಾಡಿಗೆ ಹೋಗಿ ಒಣಗಿಸಿ ಕೂಡಿಡುತ್ತಿದ್ದರು. ಮಳೆ, ಗಾಳಿ, ಕತ್ತಲಿನ ತಿಂಗಳುಗಳಲ್ಲಿ ಎಲ್ಲರೂ ಒಂದೆಡೆ ಸೇರುತ್ತಿದ್ದ ಜಾಗವೇ ಚಳಿಗಾಲದ ಊರು. ಕೆಲಸದ ಋತು ಮುಗಿದು ವಿಧಿಗಳ ಋತು ಅಲ್ಲಿ ಆರಂಭವಾಗುತ್ತಿತ್ತು. ಮನೆಗಳ ರಚನೆಯೂ ಈ ಓಡಾಟಕ್ಕೆ ಹೊಂದಿಕೊಂಡಿತ್ತು. ಇಡೀ ಕೆಂಪು ಸೀಡರ್ ಮರಗಳನ್ನೇ ಕಂಬವಾಗಿ, ತೊಲೆಯಾಗಿ ನಿಲ್ಲಿಸಿದ ಚೌಕಟ್ಟು ಊರಿನಲ್ಲಿಯೇ ಸ್ಥಿರವಾಗಿರುತ್ತಿತ್ತು. ಅದಕ್ಕೆ ಹೊದಿಸಿದ ಸೀಳು ಹಲಗೆಗಳನ್ನು ಮಾತ್ರ ಬಿಚ್ಚಿ, ದೋಣಿಗಳಲ್ಲಿ ಹೇರಿಕೊಂಡು ಬೇಸಗೆಯ ಬೀಡಿಗೆ ಒಯ್ಯಬಹುದಿತ್ತು. ಇಂದು ಮಿಮ್‌ಕ್ವಮ್ಲಿಸ್‌ನಲ್ಲಿ ಹಲಗೆಯಿಲ್ಲದ ಬರಿಯ ಕಂಬ ತೊಲೆಗಳನ್ನು ಕಾಣುವವರಿಗೆ ಅದು ಅವಶೇಷವೆನಿಸುತ್ತದೆ. ಹಿಂದೆ ಅದೇ ನೋಟಕ್ಕೆ ‘ಮನೆಯವರು ಹೊರಗೆ ಹೋಗಿದ್ದಾರೆ, ಚಳಿಗೆ ಮರಳುತ್ತಾರೆ’ ಎಂಬ ಅರ್ಥವೂ ಇತ್ತು.

ದಂಡೆ ಬೆಳ್ಳಗಿರುವುದಕ್ಕೂ ಕಾರಣವಿದೆ. ಅಲ್ಲಿರುವುದು ಮರಳಲ್ಲ, ತಲೆಮಾರುಗಳ ಕಾಲ ತಿಂದು ಎಸೆದ ಕಪ್ಪೆಚಿಪ್ಪುಗಳು ಪುಡಿಯಾಗಿ ಕೂಡಿದ ದಿಬ್ಬ. ಸುತ್ತಲಿನ ಬ್ರಾಟನ್ ದ್ವೀಪಸಮೂಹದಲ್ಲಿ ಜನರು ಇಳಿತದ ಗೆರೆಯಲ್ಲಿ ಕಲ್ಲುಗಳನ್ನು ಉರುಳಿಸಿ ತಗ್ಗಾದ ಗೋಡೆ ಕಟ್ಟಿ, ಅದರ ಹಿಂದೆ ಮರಳು ನಿಲ್ಲುವಂತೆ ಮಾಡಿ, ಕಪ್ಪೆಚಿಪ್ಪು ಹುಲುಸಾಗಿ ಬೆಳೆಯುವ ಸಮತಟ್ಟುಗಳನ್ನು ನಿರ್ಮಿಸಿದ್ದರು. ಸ್ವಲ್ಪ ದಕ್ಷಿಣಕ್ಕಿರುವ ಕ್ವಾಡ್ರಾ ದ್ವೀಪದ ಇಂಥ ಕಟ್ಟೆಗಳಲ್ಲಿ ಕೆಲವು 3,500 ವರ್ಷಗಳಷ್ಟು ಹಳೆಯವೆಂದು ಕಾಲನಿರ್ಣಯ ಮಾಡಲಾಗಿದೆ. ಈ ತೀರದವರು ಪ್ರಕೃತಿ ಕೊಟ್ಟದ್ದನ್ನು ಹೆಕ್ಕಿ ತಿನ್ನುತ್ತಿದ್ದವರು, ಏನನ್ನೂ ಬೆಳೆಯಲಿಲ್ಲ ಎಂದು ಶಾಲೆಯ ಪುಸ್ತಕಗಳು ಬರೆದಾಗ ಈ ಕಡಲ ಗದ್ದೆಗಳು ಬರೆದವರ ಕಣ್ಣಿಗೇ ಬಿದ್ದಿರಲಿಲ್ಲ.

ಇಂಥ ಸಮೃದ್ಧಿಯನ್ನು ಏನು ಮಾಡುತ್ತಿದ್ದರು ಎಂಬಲ್ಲಿ ನಮ್ಮ ವಿಷಯದ ತಿರುಳಿದೆ. ಕೊಟ್ಟುಬಿಡುತ್ತಿದ್ದರು. ಆ ಕೊಡುವ ಸಮಾರಂಭಕ್ಕೆ ‘ಪಾಟ್ಲಾಚ್’ ಎಂಬ ಹೆಸರು ಜಗತ್ತಿನಲ್ಲಿ ರೂಢಿಯಾಗಿದೆ. ಕೊಡುವುದು ಎಂಬರ್ಥದ ಆ ಪದ, ತೀರದ ಬೇರೆ ಬೇರೆ ಜನರು ವ್ಯಾಪಾರಕ್ಕಾಗಿ ಬಳಸುತ್ತಿದ್ದ ಚಿನೂಕ್ ಬೆರಕೆ ನುಡಿಯಿಂದ ಬಂದದ್ದು. ಮಗುವಿಗೆ ಹೆಸರಿಡುವಾಗ, ಮದುವೆಯ ಋಣ ತೀರಿಸುವಾಗ, ಸತ್ತವರಿಗಾಗಿ ದುಃಖ ಮುಗಿಸುವಾಗ, ವಾರಸುದಾರ ಸ್ಥಾನವೇರುವಾಗ ಕುಲದ ಹಿರಿಯ ಇತರ ಬಣಗಳನ್ನು ಕರೆಯುತ್ತಿದ್ದ. ದೊಡ್ಡಮನೆಯ ಮಣ್ಣಿನ ನೆಲದ ನಡುವೆ ಬೆಂಕಿ ಉರಿಯುತ್ತಿತ್ತು. ಮನೆತನದ ಮೂಲಕಥೆಯನ್ನು ಹಾಡಿ, ಆ ಕಥೆಯ ಜೀವಿಗಳನ್ನು ಮುಖವಾಡ ತೊಟ್ಟು ಕುಣಿದು ತೋರಿಸುತ್ತಿದ್ದರು. ನರಭಕ್ಷಕ ಶಕ್ತಿಯ ವಶವಾದ ಯುವಕನನ್ನು ಮತ್ತೆ ಮನುಷ್ಯರ ನಡುವೆ ಪಳಗಿಸಿ ತರುವ ಹಮತ್ಸ ಕುಣಿತ ಇವುಗಳಲ್ಲಿ ಅತ್ಯಂತ ಗೌರವದ್ದು. ಕೊನೆಗೆ ಬಂದವರಿಗೆಲ್ಲ ಅವರವರ ಸ್ಥಾನಕ್ಕೆ ತಕ್ಕ ಕ್ರಮದಲ್ಲಿ ಕಾಣಿಕೆ ಸಲ್ಲುತ್ತಿತ್ತು.

ಹೊರಗಿನವರು ಎಡವಿದ್ದು ಈ ಕಾಣಿಕೆಯ ವಿಷಯದಲ್ಲಿ. ಅದು ದಾನವಲ್ಲ, ಏಕೆಂದರೆ ಪಡೆಯುವವರು ಬಡವರಲ್ಲ. ನಮ್ಮ ಮುಯ್ಯಿಯನ್ನು ಅದು ಕೊಂಚ ಹೋಲುತ್ತದೆ, ಕೊಟ್ಟದ್ದು ನೆನಪಿನಲ್ಲಿ ಉಳಿದು ಇನ್ನೊಂದು ದಿನ ಹೆಚ್ಚಾಗಿ ಹಿಂದಿರುಗುತ್ತದೆ. ಆದರೆ ಮುಯ್ಯಿಯಲ್ಲಿ ಕೊಡುವವರು ಬಂದವರು, ಇಲ್ಲಿ ಕೊಡುವವರು ಕರೆದವರು. ಕಾಣಿಕೆಯು ಸಾಕ್ಷಿಗೆ ಸಲ್ಲುವ ಸಂಭಾವನೆ. ಬರವಣಿಗೆಯಿಲ್ಲದ ಸಮಾಜದಲ್ಲಿ ‘ಈ ಹೆಸರು ಇಂದಿನಿಂದ ಇವನದು, ಈ ಕುಣಿತದ ಹಕ್ಕು ಮದುವೆಯ ಮೂಲಕ ಆ ಮನೆಗೆ ಹೋಯಿತು, ಈ ನದಿಯ ಬಾಯಿ ಇವರದು’ ಎಂದು ಎಲ್ಲರೆದುರು ಸಾರಿದ ಮೇಲೆ, ಅದನ್ನು ಕೇಳಿದವರು ಕಾಣಿಕೆ ಸ್ವೀಕರಿಸಿದರೆ ಅದಕ್ಕೆ ಒಪ್ಪಿಗೆಯ ಮುದ್ರೆ ಬಿದ್ದಂತೆ. ಮುಂದೆ ತಕರಾರು ಎದ್ದರೆ ಅವರು ನೆನಪಿನಿಂದ ನುಡಿಯಬೇಕು. ನೋಂದಣಿ ಕಚೇರಿ, ನ್ಯಾಯಾಲಯ, ಇತಿಹಾಸದ ಭಂಡಾರ, ಬ್ಯಾಂಕು ಎಲ್ಲವೂ ಆ ಒಂದು ಮನೆಯ ಬೆಂಕಿಯ ಸುತ್ತ ಕುಳಿತಿರುತ್ತಿದ್ದವು. ಎಷ್ಟು ಕೂಡಿಟ್ಟ ಎಂಬುದರಿಂದ ಅಲ್ಲ, ಎಷ್ಟು ಕೊಟ್ಟ ಎಂಬುದರಿಂದ ಮನುಷ್ಯನ ಘನತೆ ತಿಳಿಯುತ್ತಿತ್ತು.

ಈ ಲೆಕ್ಕದ ತುತ್ತತುದಿಯಲ್ಲಿದ್ದುದು ತಾಮ್ರದ ಫಲಕ. ಮೇಲ್ಭಾಗ ಗುರಾಣಿಯಂತೆ ಅಗಲವಾಗಿ, ಕೆಳಭಾಗ ಕಿರಿದಾಗಿ, ನಡುವೆ ಉಬ್ಬುಗೆರೆಯಿರುವ ಈ ಫಲಕಗಳಿಗೆ ಒಂದೊಂದಕ್ಕೂ ಸ್ವಂತ ಹೆಸರಿತ್ತು, ವಂಶಾವಳಿಯಂಥ ಚರಿತ್ರೆಯಿತ್ತು. ಕೈಯಿಂದ ಕೈಗೆ ಹೋದಂತೆಲ್ಲ ಬೆಲೆ ಏರುತ್ತಿತ್ತು. ಬೆಲೆಯನ್ನು ಹಡ್ಸನ್ಸ್ ಬೇ ಎಂಬ ವ್ಯಾಪಾರ ಕಂಪನಿಯ ಉಣ್ಣೆ ಕಂಬಳಿಗಳಲ್ಲಿ ಎಣಿಸುತ್ತಿದ್ದರು, ಹೆಸರಾಂತ ಫಲಕವೊಂದು ಸಾವಿರಾರು ಕಂಬಳಿಗಳಿಗೆ ಸಮ. ಯಾರಾದರೂ ಘೋರ ಅವಮಾನ ಮಾಡಿದರೆ ನೊಂದವನು ಫಲಕದ ತುಂಡೊಂದನ್ನು ಮುರಿದು ಆತನೆದುರು ಇಡಬಹುದಿತ್ತು. ಅದಕ್ಕೆ ಸಮನಾದುದನ್ನು ಮಾಡಲಾರದವನು ತಲೆ ತಗ್ಗಿಸಬೇಕಿತ್ತು. 2013ರಲ್ಲಿ ಈ ಸಮುದಾಯದ ಶಿಲ್ಪಿ ಹಾಗೂ ನಾಯಕ ಬೋ ಡಿಕ್ ವ್ಯಾಂಕೂವರ್ ದ್ವೀಪದ ಕ್ವಾಟ್ಸಿನೊದಿಂದ ನಡೆದು ಹೊರಟು, ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾದ ಶಾಸನಸಭೆಯ ಮೆಟ್ಟಿಲ ಬಳಿ ಫಲಕ ಮುರಿದಾಗ, ಅದು ಸರ್ಕಾರವನ್ನು ಅವರ ಕಾನೂನಿನ ಪ್ರಕಾರ ಕಟಕಟೆಗೆ ತಂದ ಕ್ರಿಯೆಯಾಗಿತ್ತು.

ಕೆನಡಾದ ಸಂಸತ್ತು 1884ರಲ್ಲಿ ಇಂಡಿಯನ್ ಕಾಯಿದೆಗೆ ತಿದ್ದುಪಡಿ ತಂದು ಪಾಟ್ಲಾಚನ್ನು ಅಪರಾಧವನ್ನಾಗಿಸಿತು. 1885ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. (ಇಲ್ಲಿ ‘ಇಂಡಿಯನ್’ ಎಂದರೆ ಅಲ್ಲಿನ ಮೂಲನಿವಾಸಿಗಳು, ಕೊಲಂಬಸನ ತಪ್ಪೆಣಿಕೆಯನ್ನು ಕೆನಡಾದ ಶಾಸನ ಇಂದಿಗೂ ಹೆಸರಿನಲ್ಲಿ ಹೊತ್ತಿದೆ.) ಪಾದ್ರಿಗಳಿಗೆ ಅದು ಅನ್ಯಧರ್ಮದ ಆಚರಣೆಯಾಗಿ ಕಂಡಿತು. ಅಧಿಕಾರಿಗಳ ಆಕ್ಷೇಪ ಇನ್ನೂ ಆಳವಾದದ್ದು: ದುಡಿದದ್ದನ್ನೆಲ್ಲ ಒಂದೇ ವಾರದಲ್ಲಿ ಕೊಟ್ಟು ಬರಿಗೈಯಾಗುವವನು ಉಳಿತಾಯ, ಖಾಸಗಿ ಆಸ್ತಿ, ದಿನಗೂಲಿಯ ಶಿಸ್ತು ಯಾವುದಕ್ಕೂ ಒಗ್ಗುವುದಿಲ್ಲ ಎಂಬ ಭಾವನೆ ಅವರದಾಗಿತ್ತು. ಮಕ್ಕಳು ಶಾಲೆ ಬಿಟ್ಟು ತಂದೆತಾಯಿಯರೊಂದಿಗೆ ವಾರಗಟ್ಟಲೆ ಹೋಗುತ್ತಾರೆಂಬ ದೂರೂ ಇತ್ತು. 1862ರಲ್ಲಿ ವಿಕ್ಟೋರಿಯಾದಿಂದ ಹಬ್ಬಿದ ಸಿಡುಬು ಈ ತೀರದ ಊರೂರನ್ನು ಬರಿದು ಮಾಡಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಸ್ಥಾನಗಳು ಉಳಿದು ಅವನ್ನು ಹೊರುವ ಮನುಷ್ಯರು ಕಡಿಮೆಯಾಗಿದ್ದ ಕಾಲದಲ್ಲಿ, ಯಾವ ಹೆಸರು ಯಾರಿಗೆ ಎಂದು ನಿರ್ಧರಿಸುವ ವೇದಿಕೆಯ ಅಗತ್ಯ ಎಂದಿಗಿಂತ ಹೆಚ್ಚಾಗಿತ್ತು. ನಿಷೇಧ ಬಂದದ್ದು ಸರಿಯಾಗಿ ಆಗಲೇ.

ಮೊದಲ ಕೆಲವು ದಶಕ ಕಾನೂನು ಕಾಗದದಲ್ಲಿ ಮಾತ್ರ ಬಲವಾಗಿತ್ತು. 1918ರ ತಿದ್ದುಪಡಿಯ ನಂತರ ಸ್ಥಳೀಯ ‘ಇಂಡಿಯನ್ ಏಜೆಂಟ್’, ಅಂದರೆ ಮೂಲನಿವಾಸಿಗಳ ಮೇಲೆ ಸರ್ಕಾರ ನೇಮಿಸಿದ ಅಧಿಕಾರಿ, ತಾನೇ ವಿಚಾರಣೆ ನಡೆಸಿ ಶಿಕ್ಷೆ ವಿಧಿಸುವಂತಾಯಿತು. ಕಾರ್ಮೊರಂಟ್ ದ್ವೀಪದ ಅಲರ್ಟ್ ಬೇ ಊರಿನಲ್ಲಿ ಆ ಹುದ್ದೆಯಲ್ಲಿದ್ದವರು ವಿಲಿಯಂ ಹ್ಯಾಲಿಡೇ. ಜನರು ದಾರಿಗಳನ್ನು ಹುಡುಕಿಕೊಂಡರು. ಕುಣಿತವನ್ನು ಒಂದು ದಿನ ನಡೆಸಿ ಕಾಣಿಕೆಯನ್ನು ತಿಂಗಳುಗಳ ಮೇಲೆ ಕೊಡುವುದು, ಕ್ರಿಸ್‌ಮಸ್ ಉಡುಗೊರೆಯೆಂದು ಮನೆಮನೆಗೆ ಹಂಚುವುದು, ಏಜೆಂಟನ ದೋಣಿ ಬರಲಾರದ ಬಿರುಗಾಳಿಯ ದಿನಗಳನ್ನೂ ದೂರದ ಊರುಗಳನ್ನೂ ಆರಿಸಿಕೊಳ್ಳುವುದು. ಅಲರ್ಟ್ ಬೇಯಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದ ಮಿಮ್‌ಕ್ವಮ್ಲಿಸ್ ಇದಕ್ಕೆ ಹೇಳಿಮಾಡಿಸಿದ ಜಾಗವಾಗಿತ್ತು.

1921ರ ಡಿಸೆಂಬರ್‌ನಲ್ಲಿ ಅಲ್ಲಿ ನಡೆದ ಪಾಟ್ಲಾಚ್ ಈ ತೀರದಲ್ಲಿ ದಾಖಲಾದವುಗಳಲ್ಲೇ ಅತಿ ದೊಡ್ಡದೆನಿಸಿದೆ. ಅದನ್ನು ನಡೆಸಿದವರು ಅಲರ್ಟ್ ಬೇಯ ನಮ್‌ಗಿಸ್ ಬಣದ ಡ್ಯಾನ್ ಕ್ರ್ಯಾನ್ಮರ್. ಅವರ ಊರಿನಲ್ಲಲ್ಲದೆ ಇಲ್ಲಿ ಏಕೆ ನಡೆಯಿತೆಂದರೆ, ಅವರ ಪತ್ನಿಯ ಬಳಗ ಮಾಮಲಿಲಿಕಲ್ಲ. ಈ ಸಮಾಜದಲ್ಲಿ ವರನ ಕಡೆಯವರು ಮದುವೆಯಲ್ಲಿ ಕೊಟ್ಟದ್ದನ್ನು ವಧುವಿನ ಕಡೆಯವರು ವರ್ಷಗಳ ನಂತರ ಹಲವು ಪಟ್ಟು ಹೆಚ್ಚಿಸಿ, ಹೆಸರು ಮತ್ತು ಕುಣಿತದ ಹಕ್ಕುಗಳ ಸಮೇತ ಹಿಂದಿರುಗಿಸುತ್ತಾರೆ. ಹಾಗೆ ಬಂದದ್ದನ್ನು ಅಳಿಯ ಇಟ್ಟುಕೊಳ್ಳುವಂತಿಲ್ಲ, ಹಂಚಬೇಕು. ಡ್ಯಾನ್ ಕ್ರ್ಯಾನ್ಮರ್ ಆರು ದಿನ ಹಂಚಿದರು. ದೋಣಿಗಳು, ಇಂಜಿನ್ ದೋಣಿಗಳು, ಬಿಲಿಯರ್ಡ್ಸ್ ಮೇಜುಗಳು, ಹೊಲಿಗೆ ಯಂತ್ರ, ಗ್ರಾಮೊಫೋನ್, ಪಿಟೀಲು, ಗಿಟಾರ್, ಬಳೆ, ಶಾಲು, ಕಂಬಳಿ, ಪೆಟ್ಟಿಗೆ, ನೂರಾರು ಮೂಟೆ ಹಿಟ್ಟು. ಮಕ್ಕಳು ಆರಿಸಿಕೊಳ್ಳಲೆಂದು ಚಿಲ್ಲರೆ ನಾಣ್ಯಗಳನ್ನೂ ಎರಚಿದರು. ಬಿಲಿಯರ್ಡ್ಸ್ ಮೇಜು ಎಂದು ಓದಿದಾಗ ಹಳೆಯ ಆಚಾರ ಕೆಟ್ಟುಹೋಗಿತ್ತೇನೋ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಆ ಆಚಾರದ ಆರೋಗ್ಯದ ಗುರುತಾಗಿಯೇ ಕಾಣುತ್ತದೆ: ಹೊಸ ಕಾಲದ ವಸ್ತುಗಳನ್ನು ಅದು ತನ್ನ ಹಳೆಯ ನಿಯಮಕ್ಕೆ ಒಗ್ಗಿಸಿಕೊಂಡಿತ್ತು.

ಸುದ್ದಿ ಪೊಲೀಸರಿಗೆ ತಲುಪಿತು. ಸಾರ್ಜೆಂಟ್ ಡೊನಾಲ್ಡ್ ಆಂಗರ್‌ಮನ್ 45 ಜನರ ಮೇಲೆ ಮೊಕದ್ದಮೆ ಹೂಡಿದರು. ಆರೋಪಗಳ ಸ್ವರೂಪವನ್ನು ಗಮನಿಸಬೇಕು: ಭಾಷಣ ಮಾಡಿದ್ದು, ಕುಣಿದದ್ದು, ಹಂಚುವ ವಸ್ತುಗಳನ್ನು ಜೋಡಿಸಿಟ್ಟದ್ದು, ಕಾಣಿಕೆಗಳನ್ನು ಪಡೆಯುವವರ ಕೈಗೆ ಒಯ್ದು ಕೊಟ್ಟದ್ದು. ಕಳ್ಳತನವಿಲ್ಲ, ಹೊಡೆದಾಟವಿಲ್ಲ. 1922ರಲ್ಲಿ ಅಲರ್ಟ್ ಬೇಯಲ್ಲಿ ವಿಚಾರಣೆ ನಡೆಸಿದ ನ್ಯಾಯಾಧಿಕಾರಿಯೂ ಏಜೆಂಟ್ ಹ್ಯಾಲಿಡೇಯವರೇ. ಅವರು ಮುಂದಿಟ್ಟ ಒಪ್ಪಂದ ಹೀಗಿತ್ತು: ಒಂದು ಬಣದವರೆಲ್ಲ ತಮ್ಮ ಮುಖವಾಡ, ಗಿಲಕಿ, ತಾಮ್ರದ ಫಲಕಗಳನ್ನು ಒಪ್ಪಿಸಿದರೆ ಆ ಬಣದ ತಪ್ಪಿತಸ್ಥರ ಶಿಕ್ಷೆಯನ್ನು ಅಮಾನತಿನಲ್ಲಿಡಲಾಗುವುದು. ಕಾನೂನಿನಲ್ಲಿ ಎಲ್ಲಿಯೂ ಇಲ್ಲದ ಷರತ್ತು ಇದು. 22 ಜನರ ಶಿಕ್ಷೆ ಅಮಾನತಾಯಿತು. ಒಪ್ಪದ 20 ಗಂಡಸರು ಹೆಂಗಸರನ್ನು ವ್ಯಾಂಕೂವರ್ ನಗರದ ಬಳಿಯ ಓಕಲಾ ಸೆರೆಮನೆಗೆ ಕಳುಹಿಸಲಾಯಿತು. ಮೊದಲ ಸಲದವರಿಗೆ ಎರಡು ತಿಂಗಳು, ಎರಡನೆಯ ಸಲದವರಿಗೆ ಮೂರು. ಹಿರಿಯರನ್ನು ಜೈಲಿನಿಂದ ಉಳಿಸುವುದೋ ಪೂರ್ವಜರು ಬಿಟ್ಟುಹೋದದ್ದನ್ನು ಉಳಿಸುವುದೋ ಎಂಬ ಆಯ್ಕೆ ಮನೆಮನೆಯ ಒಳಗೆ ಬಿತ್ತು, ಮತ್ತು ಮನೆಮನೆಯ ಒಳಗೆ ಗಾಯ ಉಳಿಸಿತು.

ಅಲರ್ಟ್ ಬೇ, ಕೇಪ್ ಮಡ್ಜ್ ಮತ್ತು ಮಿಮ್‌ಕ್ವಮ್ಲಿಸ್ ಊರುಗಳಿಂದ ನೂರಾರು ವಸ್ತುಗಳು ಬಂದವು. ಬೆಂಕಿಯ ಬೆಳಕಿನಲ್ಲಿ, ಹಾಡಿನೊಂದಿಗೆ, ಕ್ಷಣಮಾತ್ರ ಕಾಣಿಸಿ ಮತ್ತೆ ಪೆಟ್ಟಿಗೆಗೆ ಸೇರಬೇಕಾದ ಮುಖವಾಡಗಳನ್ನು ಹ್ಯಾಲಿಡೇ ಚರ್ಚಿನ ಸಭಾಂಗಣದ ಬೆಂಚುಗಳ ಮೇಲೆ ಸಾಲಾಗಿ ಇರಿಸಿ, ಪ್ರವೇಶಕ್ಕೆ ಹಣ ಪಡೆದು ಪ್ರದರ್ಶಿಸಿದರು. ನ್ಯೂಯಾರ್ಕ್‌ನ ಸಂಗ್ರಾಹಕ ಜಾರ್ಜ್ ಹೈಯವರಿಗೆ ಮೂವತ್ತಕ್ಕೂ ಹೆಚ್ಚು ವಸ್ತುಗಳನ್ನು ಮಾರಿದರು. ಉಳಿದವು ಒಟ್ಟಾವಾಕ್ಕೆ ಹೋಗಿ, ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಟೊರೊಂಟೊದ ರಾಯಲ್ ಒಂಟಾರಿಯೋ ಮ್ಯೂಸಿಯಂಗೂ ಹಂಚಿಹೋದವು. ಮೂಲನಿವಾಸಿಗಳ ವ್ಯವಹಾರ ನೋಡುತ್ತಿದ್ದ ಸರ್ಕಾರಿ ಇಲಾಖೆಯ ಮುಖ್ಯಾಧಿಕಾರಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಕೆಲವನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಸರ್ಕಾರ ಕೊಟ್ಟ ಪುಡಿಗಾಸಿನ ಪರಿಹಾರದಲ್ಲಿ ತಾಮ್ರದ ಫಲಕಗಳ ಲೆಕ್ಕವೇ ಇರಲಿಲ್ಲ. ಒಂದು ಸಮಾಜದ ದಸ್ತಾವೇಜುಗಳನ್ನೂ ಠೇವಣಿಯನ್ನೂ ಒಟ್ಟಿಗೆ ಒಯ್ದದ್ದು ಎಂದರೆ ಅತಿಶಯೋಕ್ತಿಯಲ್ಲ.

1951ರಲ್ಲಿ ಇಂಡಿಯನ್ ಕಾಯಿದೆಯನ್ನು ಪರಿಷ್ಕರಿಸಿದಾಗ ನಿಷೇಧದ ಕಲಮನ್ನು ಮಾತಿಲ್ಲದೆ ಕೈಬಿಡಲಾಯಿತು. 1953ರಲ್ಲಿ ಫೋರ್ಟ್ ರೂಪರ್ಟ್ ಮೂಲದ ಶಿಲ್ಪಿ ಮಂಗೊ ಮಾರ್ಟಿನ್ ವಿಕ್ಟೋರಿಯಾದಲ್ಲಿ ತಾವು ಕಟ್ಟಿದ ದೊಡ್ಡಮನೆಯ ಪ್ರವೇಶಕ್ಕಾಗಿ ನಿಷೇಧಾನಂತರದ ಮೊದಲ ಬಹಿರಂಗ ಪಾಟ್ಲಾಚ್ ನಡೆಸಿದರು. ಮಿಮ್‌ಕ್ವಮ್ಲಿಸ್ ಮಾತ್ರ ಅಷ್ಟರಲ್ಲಿ ತೆಳುವಾಗತೊಡಗಿತ್ತು. 1912ರಲ್ಲಿ ಚಿತ್ರಕಲಾವಿದೆ ಎಮಿಲಿ ಕಾರ್ ಬಂದು ಬಣ್ಣದಲ್ಲಿ ಹಿಡಿದಿಟ್ಟ ಊರು ಅದು. ಮೀನು ಡಬ್ಬಿ ಕಾರ್ಖಾನೆಗಳ ಕೂಲಿ, ಆಸ್ಪತ್ರೆ, ಅಂಗಡಿ ಎಲ್ಲವೂ ಅಲರ್ಟ್ ಬೇಯಲ್ಲಿದ್ದವು. ಮಕ್ಕಳನ್ನು ಅಲ್ಲಿನ ಸೇಂಟ್ ಮೈಕಲ್ಸ್ ವಸತಿಶಾಲೆಗೆ ಸೇರಿಸಲಾಗುತ್ತಿತ್ತು, ಅಲ್ಲಿ ಕ್ವಾಕ್ವಾಲ ಆಡುವಂತಿರಲಿಲ್ಲ. ಒಂದೊಂದೇ ಕುಟುಂಬ ಹೊರಟು, 1970ರ ದಶಕದ ಆರಂಭದ ಹೊತ್ತಿಗೆ ಊರು ಖಾಲಿಯಾಯಿತು. 1929ರಲ್ಲಿ ಕಟ್ಟಿದ ಆ ಶಾಲೆಯ ಇಟ್ಟಿಗೆ ಕಟ್ಟಡವನ್ನು 2015ರಲ್ಲಿ ಕೆಡವಲಾಯಿತು.

ಕಸಿದುಕೊಂಡದ್ದನ್ನು ಮರಳಿ ಪಡೆಯುವ ಪ್ರಯತ್ನ 1960ರ ದಶಕದಿಂದ ಗಟ್ಟಿಯಾಯಿತು. ಒಟ್ಟಾವಾದ ವಸ್ತುಸಂಗ್ರಹಾಲಯ ಕೊನೆಗೆ ಒಪ್ಪಿತು, ಆದರೆ ವಸ್ತುಗಳು ಮನೆಗಳಿಗೆ ಹೋಗಕೂಡದು, ಅವನ್ನಿಡಲು ಸಂಗ್ರಹಾಲಯ ಕಟ್ಟಬೇಕು ಎಂಬ ಷರತ್ತಿನೊಂದಿಗೆ. ಹಾಗಾಗಿ 1979ರಲ್ಲಿ ಕೇಪ್ ಮಡ್ಜ್‌ನಲ್ಲಿ ಒಂದು, 1980ರ ನವೆಂಬರ್ 1ರಂದು ಅಲರ್ಟ್ ಬೇಯಲ್ಲಿ ಇನ್ನೊಂದು ತೆರೆದವು. ಅಲರ್ಟ್ ಬೇಯ ಕೇಂದ್ರದ ಹೆಸರು ‘ಉಮಿಸ್ತ’. ಹಿಂದೆ ದಾಳಿಯಲ್ಲಿ ಸೆರೆಸಿಕ್ಕವರು ಒತ್ತೆಹಣದಿಂದಲೋ ಮರುದಾಳಿಯಿಂದಲೋ ಬಿಡುಗಡೆಯಾಗಿ ಮನೆಗೆ ಬಂದರೆ ಅವರಿಗೆ ಉಮಿಸ್ತ ದೊರೆಯಿತು ಎನ್ನುತ್ತಿದ್ದರು. ಮುಖವಾಡಗಳನ್ನು ವಸ್ತುಗಳೆಂದಲ್ಲ, ಸೆರೆಯಿಂದ ಬಂದ ಮನೆಮಂದಿಯೆಂದು ಕಂಡ ಹೆಸರು ಇದು. ಈ ಕೇಂದ್ರವನ್ನು ರೂಪಿಸಿದವರಲ್ಲಿ ಪ್ರಮುಖರು ಡ್ಯಾನ್ ಕ್ರ್ಯಾನ್ಮರ್ ಅವರ ಮಗಳು ಗ್ಲೋರಿಯಾ ಕ್ರ್ಯಾನ್ಮರ್ ವೆಬ್‌ಸ್ಟರ್. ಇಷ್ಟು ವರ್ಷ ಬಂಧನದಲ್ಲಿದ್ದವನ್ನು ಮತ್ತೆ ಗಾಜಿನೊಳಗೆ ಕೂಡಿಹಾಕುವುದು ತರವಲ್ಲವೆಂದು ಅಲ್ಲಿ ಮುಖವಾಡಗಳನ್ನು ತೆರೆದೇ ಇರಿಸಲಾಗಿದೆ, ಅದೂ ಪಾಟ್ಲಾಚಿನಲ್ಲಿ ಅವು ಕಾಣಿಸಿಕೊಳ್ಳುವ ಕ್ರಮದಲ್ಲಿ.

ಟೊರೊಂಟೊದಲ್ಲಿದ್ದವು 1988ರಲ್ಲಿ ಬಂದವು. ಹೈ ಅವರ ಸಂಗ್ರಹ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ಮೇಲೆ ಅದರಲ್ಲಿನ ಕೆಲವು 1993ರಲ್ಲೂ ಇನ್ನು ಕೆಲವು 2002ರಲ್ಲೂ ಮರಳಿದವು. ಫ್ರೆಂಚ್ ಕವಿ ಆಂದ್ರೆ ಬ್ರೆತೋಂ ಅವರ ಸಂಗ್ರಹದಲ್ಲಿದ್ದ ಶಿರೋಭೂಷಣವೊಂದನ್ನು ಅವರ ಮಗಳು 2003ರಲ್ಲಿ ಅಲರ್ಟ್ ಬೇಗೆ ತಂದು ಒಪ್ಪಿಸಿದರು. ಬ್ರಿಟಿಷ್ ಮ್ಯೂಸಿಯಂ 2005ರಲ್ಲಿ ಒಂದು ಮುಖವಾಡವನ್ನು ಕಳುಹಿಸಿತು, ದೀರ್ಘಾವಧಿಯ ಎರವಲಾಗಿ. ಅದರ ಮೂಲ ಒಡೆಯರು ಅದನ್ನು ಎರವಲು ಪಡೆಯಬೇಕಾಗಿ ಬಂದದ್ದು ನನಗೆ ಇಂದಿಗೂ ಸರಿಯೆನಿಸದ ಸಂಗತಿ. ಕೆಲವು ವಸ್ತುಗಳು ಇನ್ನೂ ಪತ್ತೆಯಾಗಿಲ್ಲ.

ಮಾಮಲಿಲಿಕಲ್ಲ ಜನರು ಇಂದು ಕ್ಯಾಂಪ್‌ಬೆಲ್ ರಿವರ್, ಅಲರ್ಟ್ ಬೇ, ವಿಕ್ಟೋರಿಯಾ ಮುಂತಾದ ಕಡೆ ಹರಡಿದ್ದಾರೆ. ಅವರ ಕಾವಲು ತಂಡಗಳು ದೋಣಿಯಲ್ಲಿ ಈ ದ್ವೀಪಗಳನ್ನು ಸುತ್ತುತ್ತವೆ. ಮಿಮ್‌ಕ್ವಮ್ಲಿಸ್‌ಗೆ ಹೋಗುವವರು ಅವರ ಅನುಮತಿ ಪಡೆಯಬೇಕು. ಆ ಪಾಟ್ಲಾಚಿಗೆ ನೂರು ವರ್ಷ ತುಂಬಿದ 2021ರಲ್ಲಿ ಅವರು ನೈಟ್ ಇನ್ಲೆಟ್‌ನ ಲಲ್ ಬೇ ಮತ್ತು ಹೋಯಾ ಸೌಂಡ್ ಪ್ರದೇಶವನ್ನು ತಮ್ಮ ಸ್ವಂತ ಕಾನೂನಿನ ಅಡಿಯಲ್ಲಿ ಸಂರಕ್ಷಿತವೆಂದು ಸಾರಿದರು. ಅಲ್ಲಿನ ಕಡಲತಳದಲ್ಲಿ, ಬೇರೆಡೆ ಬಹಳ ಆಳದಲ್ಲಿ ಮಾತ್ರ ಕಾಣುವ ಹವಳಗಳು ಮೇಲ್ಮಟ್ಟದಲ್ಲಿಯೇ ಬೆಳೆಯುತ್ತವೆ. 2023ರಲ್ಲಿ ಕೆನಡಾ ಸರ್ಕಾರ ಅಲ್ಲಿನ ತಳಮೀನುಗಾರಿಕೆಗೆ ತಡೆ ಹಾಕಿತು. ಊರಿನಲ್ಲಿ ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸುವುದಿಲ್ಲ. ನಿಂತದ್ದು ಬಿದ್ದು, ಬಿದ್ದದ್ದು ಮಣ್ಣಾಗುವುದನ್ನು ಅವರು ಕಂಬದ ಆಯುಸ್ಸಿನ ಭಾಗವೆಂದೇ ಎಣಿಸುತ್ತಾರೆ. ಅಲರ್ಟ್ ಬೇಯ ದೊಡ್ಡಮನೆ 1997ರಲ್ಲಿ ಕಿಡಿಗೇಡಿಗಳ ಬೆಂಕಿಗೆ ಸುಟ್ಟು, 1999ರಲ್ಲಿ ಮತ್ತೆ ಎದ್ದಿತು. ಅಲ್ಲಿ ಪಾಟ್ಲಾಚ್ ನಡೆಯುವಾಗ ಬಣಗಳನ್ನು ಹಳೆಯ ಕ್ರಮದಲ್ಲಿಯೇ ಕರೆಯುತ್ತಾರೆ. ಮಾಮಲಿಲಿಕಲ್ಲ ಎಂದು ಕರೆದಾಗ ಆ ಹೆಸರುಗಳನ್ನು ಇಂದು ಹೊತ್ತವರು ಎದ್ದು ಬಂದು, ತಮ್ಮ ಪಾಲಿನ ಕಾಣಿಕೆಯನ್ನು ಪಡೆದು, ಸಾಕ್ಷಿಯಾಗಿ ಕುಳಿತುಕೊಳ್ಳುತ್ತಾರೆ.